ನಬೀ ಸಾಬ್ ಮೈ ತುಂಬಿಕೊಂಡ ಬೆಳಿಗ್ಗೆ

ಕೆನ್ನೆ ಬಂದಿದೆ ಇವರಿಗೆ, ಎರಡೂ ಕಡೆ, ಎಣ್ಣೆಯಲ್ಲಿ ಉಬ್ಬಿದ ಪೂರಿಯ ಹಾಗೆ — ಕಂಪ್ಯೂಟರಿನ ಪರದೆ ತುಂಬ ಗಂಡ ನಬೀ ಸಾಬ್ ಅಗಲವಾಗಿ ಕೂತಿದ್ದಾರೆ, ತೀರಿಕೊಂಡ ಆರು ವರ್ಷಕ್ಕೆ ಮೈ ತುಂಬಿಕೊಂಡು, ಅಮೀರ್ ಬಿಗೆ ನಗು ತಡೆಯಲಾಗುತ್ತಿಲ್ಲ, ನೋಡೇ ಐಮನ್, ನಿಮ್ಮಾವ ಜನ್ನತ್‌ನಾಗೆ ದಿನಾ ಒಂದು ಕುರಿ ಮುಗಿಸ್ತಾವ್ರೆ, ಹಂಗಲ್ಲ ಅಮ್ಮಿ ಎನ್ನುತ್ತಾಳೆ ಸೊಸೆ, ನಿನ್ನೆ ಸಿಸ್ಟಮ್ ಅಪ್‌ಗ್ರೇಡ್ ಮಾಡಿದ್ನಲ್ಲ, ಸ್ಕ್ರೀನಿನ ಅಳತೆಗಳೆಲ್ಲ ಮಾಯ ಆಗವೆ, ಉಳಿದಿರೋದು ಒಂದೇ, ಅದು ಎಲ್ಲಾರ್ನೂ ಅಡ್ಡಡ್ಡ ಎಳೀತೈತೆ — ಹೌದು, ಬೆಳಿಗ್ಗೆ ಎದ್ದಾಗಲೇ, ಐಮನ್ ಮನೆಯಲ್ಲಿ ಕೂತು ಜೋಡಿಸುವ ಮದುವೆ ಆಲ್ಬಮ್ಮಿನ ಮದುಮಗಳು ವನಜಾಕ್ಷಿಯೂ ಕುಂಬಳಕಾಯಿಯಾಗಿದ್ದಳು, ಮಧ್ಯಾಹ್ನದೊಳಗೆ ಆ ಆಲ್ಬಮ್ ಮಧುಗಿರಿಯ ಸ್ಟುಡಿಯೋ ಸೇರಬೇಕು, ಐಮನ್ ವೈರು ಕಿತ್ತು ಸಿಕ್ಕಿಸಿದ್ದಾಯಿತು, ಆರಿಸಿ ಹಚ್ಚಿದ್ದಾಯಿತು, ಅಳತೆಯ ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿ ಒತ್ತಿದರೂ ಕದಲುವುದಿಲ್ಲ, ಸರಿಹೋಯಿತೋ ಇಲ್ಲವೋ ತಿಳಿಯಲು ಗೊತ್ತಿರುವ ಮುಖ ಒಂದು ಬೇಕೆಂದು ಮಾವನ ಫೋಟೋ ತೆರೆದಿದ್ದಾಳೆ — ಗೊತ್ತಿರುವ ಮುಖವಂತೆ, ನಲವತ್ತು ವರ್ಷ ನೋಡಿದವಳಿಗೇ ಇದು ಹೊಸದು, ಫೋಟೋ ಹಿಡಿಸಿಕೊಂಡರೆ ಗುನಾ, ಪಾಪ ಕಣೇ ಅನ್ನುತ್ತಿದ್ದ ಮನುಷ್ಯ, ಹಜ್ ಅರ್ಜಿಗೆಂದು ಒಂದೇ ಒಂದು ಸಲ ಕೂತರು, ಆಗಲೇ ಕಾಯಿಲೆ, ಇರುವುದು ಆ ಒಂದೇ ಫೋಟೋ, ಶಿರಾ ಊರಿಗೆಲ್ಲ ಹಾಸಿಗೆಗೆ ಹತ್ತಿ ತುಂಬಿದವರು ತಮ್ಮ ಎಲುಬಿಗೆ ಒಂದು ಹಿಡಿ ತುಂಬಿಕೊಳ್ಳಲಿಲ್ಲ, ಗಾಳಿ ಎದ್ದರೆ ಗೌಡಗೆರೆಯಿಂದ ಕೊರಟಗೆರೆಗೆ ಬಸ್ಸಿಲ್ಲದೆ ತಲುಪುವಂಥ ಮೈ, ಒಂದ್ ತುತ್ತು ತಿನ್ರೀ, ನಾಳೆ ಹೆಗಲು ಕೊಟ್ಟು ಹೊರೋರಿಗೆ ಒಸಿ ತೂಕಾನಾದ್ರೂ ಸಿಗ್ಲಿ ಅಂದಿದ್ದಳು, ಅವರೂ ನಕ್ಕಿದ್ದರು, ತುತ್ತು ಮಾತ್ರ ಬಾಯಿಯ ಅಂಚಿನಿಂದ ಜಾರಿತ್ತು — ಇರಲಿ ಈ ಕೆನ್ನೆ, ಯಾರಪ್ಪನ ಗಂಟು ಹೋಗುತ್ತೆ, ತಿಂದವರ ಹಾಗೆ ಕಾಣಲಿ ಒಂದು ದಿನ — ಸಿಕ್ತು ಅಮ್ಮಿ, ಸ್ಕ್ರೀನ್ ನಡೆಸೋ ಹಳೇ ಡ್ರೈವರ್ ತಿರುಗಾ ಹಾಕಿದೆ, ಅಳತೆಗಳೆಲ್ಲ ಬಂದ್ಬುಟ್ವು, ಪರದೆ ಕಪ್ಪಾಯಿತು, ಬೆಳಗಿತು, ಪೂರಿಯ ಗಾಳಿ ಇಳಿದುಹೋಯಿತು.

ಇವರು. ಕೆನ್ನೆಯ ಜಾಗದಲ್ಲಿ ಎರಡು ಹಳ್ಳ. ಮೂಲೆಯಲ್ಲಿ ಅಂಕಿ ಇಳಿಯುತ್ತಿದೆ, ಹದಿನೈದು, ಹದಿನಾಲ್ಕು, ಇದ್ನೇ ಉಳಿಸ್ಲಾ ಅಂತ ಕೇಳ್ತೈತೆ ಅಮ್ಮಿ, ಒತ್ತದಿದ್ರೆ ತಾನೇ ಹಿಂದಿನದಕ್ಕೆ ಹೋಗ್ತದೆ, ಅತ್ತೆಯ ಮುಖ ನೋಡಿ ಐಮನ್ ಕೈ ನಿಂತಿದೆ, ನೀವು ಬ್ಯಾಡ ಅಂದ್ರೆ ಬುಡ್ತೀನಿ, ಆಲ್ಬಮ್ ಸಂಜೆ ಕಳಿಸ್ತೀನಿ ಬುಡಿ, ಒಳ್ಳೆಯ ಹುಡುಗಿ, ಸ್ಟುಡಿಯೋದವರಿಂದ ಬೈಸಿಕೊಳ್ಳಲೂ ಸಿದ್ಧ, ಹತ್ತು, ಒಂಬತ್ತು, ಸುಮ್ಮನಿದ್ದರೆ ಸಾಕು ಅವರು ಮತ್ತೆ ಮೈ ತುಂಬಿಕೊಳ್ಳುತ್ತಾರೆ, ಕೆನ್ನೆಯನ್ನೇ ನೋಡುತ್ತಿದ್ದವಳಿಗೆ ಈಗ ಕಾಲರ್ ಕಾಣುತ್ತಿದೆ, ಅವತ್ತು ಫೋಟೋದವನು ಕಾದಿದ್ದ, ಕಾಲರಿನ ಆ ಗುಂಡಿ ಹಾಕಿದ್ದು ಅವಳೇ, ಕುತ್ತಿಗೆಗೂ ಕಾಲರಿಗೂ ನಡುವೆ ಅವಳ ಎರಡು ಬೆರಳು ಸಲೀಸಾಗಿ ಹೋಗಿದ್ದವು, ಬಿಗಿ ಆಯ್ತು ಕಣೇ ಅಂದಿದ್ದರು, ನಗಿಸಲಿಕ್ಕೆ, ಆರು, ಐದು — ಆ ಅಗಲದ ಮುಖಕ್ಕೆ ಉಣ್ಣಿಸಿದವರು ಯಾರೋ, ಇವರಿಗೆ ಉಣ್ಣಿಸಿದ್ದು ನಾನು — ಉಳಿಸ್ಕಳೇ ಐಮನ್, ಇವ್ರೇ ಇರ್ಲಿ, ಟಿಕ್ ಎಂದಿತು, ಅಂಕಿ ಹೋಯಿತು, ಕುತ್ತಿಗೆಗೂ ಕಾಲರಿಗೂ ನಡುವೆ ಸಂದು, ಎರಡು ಬೆರಳಿನ ಸಂದು, ಬೆರಳಿಗೆ ಅವತ್ತು ತಾಗಿದ ಜ್ವರದ ಬಿಸಿ, ಸಂದು, ಎರಡು ಬೆರಳಿನ…