ಫ್ಲಾಸ್ಕಿನ ಬಿಸಿನೀರು

ಫ್ಲಾಸ್ಕಿನ ಬಿಸಿನೀರು ಸುರಿದ ರಬ್ಬರ್ ಗ್ಲೌಸಿನ ಬಾಯಿಂದ ಆವಿ ಏಳುತ್ತಿದೆ, ಎದ್ದಷ್ಟೇ ಬೇಗ ಗಾಳಿ ಅದನ್ನು ಕಿತ್ತೊಯ್ಯುತ್ತಿದೆ — ಎಡಗೈಯದಾಯಿತು, ಇನ್ನು ಬಲಗೈಯದು, ನಿಧಾನ ರೋಷೀನ್, ಚೆಲ್ಲಬೇಡ, ಎಂದು ತನಗೆ ತಾನೇ ಹೇಳಿಕೊಂಡಳು, ಹೇಳುತ್ತಿದ್ದವನು ಈಗಿಲ್ಲವಲ್ಲ, ಗಂಡ ಡೋನಲ್ ತೀರಿಹೋದ ಮೇಲೆ ಇದೇ ಮೊದಲು ಅವಳು ಈ ಕಡಲಿಗೆ ಬಂದದ್ದು, ಇವತ್ತು ಇಳಿಯದಿದ್ದರೆ ಇನ್ನು ಈ ಜನ್ಮದಲ್ಲಿ ಇಳಿಯಲಾರೆ, ಅದು ಅವಳಿಗೆ ಗೊತ್ತು, ಅಲ್ಲಿ ಅಲೆಗಳು ಎದ್ದೆದ್ದು ಮರಳ ಮೇಲೆ ದಬಾರನೆ ಬೀಳುತ್ತಿವೆ, ವ್ಯಾನಿನ ಮೇಲೆ ಆಲಿಕಲ್ಲು ಪಟಪಟ, ಈ ಡೊನೆಗಾಲ್ ತೀರದ ಫೆಬ್ರವರಿ ಚಳಿಯೆಂದರೆ ಹೀಗೇ, ಈ ಹಾಳು ಗಾಳಿ ಎದ್ದಿತೆಂದರೆ ಸಾಕು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಚಕ್ಕರ್ ಹೊಡೆದು ಅಲೆಯೇರುವ ಸರ್ಫಿಂಗ್ ಹಲಗೆ ಹೊತ್ತು ಓಡಿಬರುತ್ತಿದ್ದರು, ಒದ್ದೆ ರಬ್ಬರಿನ ವಾಸನೆ, ಬೆಣ್ಣೆ ಹಚ್ಚಿದ ಸೋಡಾ ಬ್ರೆಡ್ಡು, ಅಮ್ಮನ ಬೈಗುಳ, ಸಂಸಾರಸ್ಥೆ ಕಣೇ ನೀನು, ಕಡಲಲ್ಲೇ ಬಿದ್ದಿರೋ ಸೀಲ್ ಮರಿಯಲ್ಲ, ವಾಪಸು ಹೊರಡುವಾಗ ಡೋನಲ್ ವ್ಯಾನಿನ ಕೀಲಿ ತಿರುಗಿಸಲಾಗದೆ ಒದ್ದಾಡುತ್ತಿದ್ದದ್ದು, ನೀಲಿಗಟ್ಟಿದ ಬೆರಳು, ಅವಳು ನಕ್ಕದ್ದೇ ನಕ್ಕದ್ದು — ಎಂಥ ದಿನಗಳಪ್ಪಾ ಅವು.

ನೀರಿಗಿಳೀತೀಯೋ, ಇಲ್ಲಾ ಅಲ್ಲೇ ಟೀ ಕಾಯಿಸ್ಕೊಂಡು ಕೂರ್ತೀಯೋ, ದಂಡೆಯಿಂದ ಕೂಗುತ್ತಿದ್ದಾನೆ ಕೋಲಮ್, ಪಕ್ಕದ ಮನೆಯವನು, ಒತ್ತಾಯ ಮಾಡಿ ಕರೆತಂದವನೂ ಅವನೇ. ಬಂದೆ ಕಣೋ, ಬಾಯಿ ಮುಚ್ಚು. ಬೂಟಿಗೂ ಒಂದಿಷ್ಟು, ಡೋನಲ್ ಹೀಗೇ ಮಾಡುತ್ತಿದ್ದ, ಮೊದಲು ನಿನ್ನದು ಮಾರಾಯ್ತಿ, ಕೈ ಚಾಚು, ಬಿಸಿನೀರು ಬೆರಳಸಂದಿಗೆ ಇಳಿಯುತ್ತಿದ್ದಂತೆ ಅವಳಿಗೆ ಕಚಗುಳಿ, ಆಮೇಲೆ ಅವನು ಬೆನ್ನು ತಿರುಗಿಸಿ ತನ್ನದಕ್ಕೆ ಸುರಿದುಕೊಳ್ಳುತ್ತಿದ್ದ, ಆಹಾ, ಸ್ವರ್ಗ ಕಣೇ, ಅನ್ನುತ್ತಿದ್ದ, ಇಬ್ಬರಿಗೂ ಇದೊಂದೇ ಫ್ಲಾಸ್ಕು, ಇದೇ ಸೊಟ್ಟ ಮುಚ್ಚಳ, ಎರಡನೆಯ ಬೂಟಿಗೆ ಬಗ್ಗಿಸಿದಳು, ಬುಳುಕ್ ಎಂದು ಒಂದಿಷ್ಟು ಬಿತ್ತು, ಆಮೇಲೆ ಒಂದು ಹನಿ, ಇನ್ನೊಂದು, ಅಷ್ಟೇ.

ಮುಗಿಯಿತೇ? ಕಂಠಪೂರ್ತಿ ತುಂಬಿಸಿ ತಂದದ್ದು, ಒಂದು ತೊಟ್ಟೂ ಚೆಲ್ಲಿಲ್ಲ, ಒಬ್ಬಳ ಕೈಕಾಲಿಗೇ ಸರಿಹೋಯಿತು — ಹಾಗಾದರೆ ಅವನು ಸುರಿದುಕೊಳ್ಳುತ್ತಿದ್ದದ್ದಾದರೂ ಏನು, ಇಷ್ಟು ವರ್ಷ, ಬೆನ್ನು ತಿರುಗಿಸಿ ನಿಂತು? ಅಯ್ಯೋ ಕಳ್ಳ. ಅಯ್ಯೋ ನನ್ನ ದೊರೆಯೇ. ಮುದುಕ ಆಗ್ಬಿಟ್ಟೆ ಕಣೋ, ಕೊಡಿಲ್ಲಿ ಕೀಲಿ, ಎಂದು ಆಡಿಕೊಂಡಿದ್ದಳಲ್ಲ, ಹೂಂ ಕಣೇ, ವಯಸ್ಸಾಯ್ತು, ಎಂದು ಅವನೂ ನಕ್ಕಿದ್ದ, ಕೋಲಮ್ ಮತ್ತೆ ಕೂಗಿದ, ಅವಳು ಹಲಗೆ ಎತ್ತಿಕೊಂಡು ನಡೆದಳು, ಮರಳು, ನೊರೆ, ಮೊಣಕಾಲು, ಸೊಂಟ, ಮೊದಲ ಅಲೆ ಎದೆಗೆ ಬಡಿದು ಉಸಿರು ಕಟ್ಟಿತು, ಮುಖ ಮರಗಟ್ಟಿತು, ಗ್ಲೌಸಿನೊಳಗೆ ಮಾತ್ರ ಇನ್ನೂ ಬೆಚ್ಚಗಿದೆ, ಎರಡು ಕೈಯೂ ಬೆಚ್ಚಗಿದೆ, ಅವನು ಕೀಲಿ ತಿರುಗಿಸುತ್ತಿದ್ದಾನೆ, ತಿರುಗುತ್ತಿಲ್ಲ, ನೀಲಿಗಟ್ಟಿದ ಬೆರಳು, ಕೀಲಿ, ನೀಲಿಗಟ್ಟಿದ ಬೆರಳು —