ಅಚ್ಚಿಗೆ ಹಚ್ಚಿದ ಹರಳೆಣ್ಣೆ

ಹಳೆಯ ಸ್ಟೀಲಿನ ಹಾಲಿನ ಕ್ಯಾನು, ಗುಜರಿಯಿಂದ ತಂದ ಸರಳು, ಸೈಕಲ್ ಪೆಡಲು ಸೇರಿಸಿ ನನ್ನ ಸೊಸೆ ಸುಧಾಮಣಿ ಕಾಫಿಬೀಜ ಹುರಿಯುವ ಯಂತ್ರ ಕಟ್ಟಿದ್ದಳು. ಗುಂಡ್ಲುಪೇಟೆಯ ಹೋಟೆಲಿನ ಬಸವಯ್ಯ ಎರಡು ಕೆಜಿ ಹಸಿಬೀಜ ಕೊಟ್ಟು, "ಸಂಜೆ ನಿಮ್ಮೂರು ಹಂಗಳಕ್ಕೆ ಬಂದು ಕುಡುದ್ ನೋಡ್ತೀನಿ. ಒಪ್ಪಿದ್ರೆ ದಿನಾ ನಿಮ್ದೇ ಪುಡಿ" ಎಂದಿದ್ದರು.

ಮೊದಲ ಕೆಜಿ ಹುರಿದಾಗ ಸುಧಾಮಣಿ ಬೀಜ ಮೂಸಿ ಬಿಳಿಚಿಕೊಂಡಳು. "ಅತ್ತೆ, ಇದೇನ್ ಹರಳೆಣ್ಣೆ ಗಮಲು?"

ಕ್ಯಾನು ತಿರುಗುವಾಗ ಕಿರುಗುಟ್ಟುತ್ತದೆಂದು, ಗಾಡಿಯ ಅಚ್ಚಿಗೆ ಹಚ್ಚುವಂತೆ, ಬೆಳಿಗ್ಗೆ ಕ್ಯಾನಿನ ನಡುವೆ ಹಾಯುವ ಸರಳಿಗೆ ನಾನು ಹರಳೆಣ್ಣೆ ಸವರಿದ್ದೆ.

"ನಾನೇ ಕಣಮ್ಮಿ, ಎಣ್ಣೆ ಬುಟ್ಟವ್ಳು."

ಅವಳು ಬೈಯಲಿಲ್ಲ. ಗಡಿಯಾರ ನೋಡಿದಳು. "ಒಂದೇ ಕೆಜಿ ಉಳ್ದದೆ, ಎರಡೇ ಗಂಟೆ ಅದೆ. ಬೂದಿ ತತ್ತನ್ನಿ."

ಸರಳು ಎಳೆದು ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿದೆವು. ಬರಿ ಕ್ಯಾನನ್ನು ಬೆಂಕಿಯ ಮೇಲಿಟ್ಟೆವು. ನಾನು ಮೂಸಿದೆ, ಅವಳು ಮೂಸಿದಳು, ಮತ್ತೆ ಕಾಯಿಸಿದೆವು. ವಾಸನೆ ಪೂರ್ತಿ ಹೋದ ಮೇಲೆ ಕೊನೆಯ ಕೆಜಿ ಸುರಿದು ನಾನೇ ಪೆಡಲು ತಿರುಗಿಸಿದೆ. ಕ್ಯಾನು ಹಂದಿಯಂತೆ ಕಿರುಚಿತು. ಬೀಜ ಚಟಪಟ ಸಿಡಿದವು. "ಸಾಕು!" ಎಂದು ಸುಧಾಮಣಿ ಮೊರಕ್ಕೆ ಸುರಿದಳು.

ಬೀಜ ಆರಿದ ಮೇಲೆ ಪುಡಿ ಮಾಡಿ ಕಾಫಿ ಇಳಿಸುವಷ್ಟರಲ್ಲಿ ಬಸವಯ್ಯ ಬಂದು ಒಂದು ಗುಟುಕು ಕುಡಿದರು. ಅವರು ಲೋಟ ಬರಿದು ಮಾಡಿ, "ನಾಳಿಂದ್ಲೇ ಕಳ್ಸವ್ವ" ಎಂದರು. ಹೊರಡುವಾಗ ಪೆಡಲು ತಿರುಗಿಸಿ ನೋಡಿ ಕಿವಿ ಮುಚ್ಚಿಕೊಂಡರು. "ಥೂ, ಇದೇನ್ ಸದ್ದು! ಒಸಿ ಎಣ್ಣೆ ಬುಡಬಾರ್ದಾ?"

"ಬ್ಯಾಡಿ!" ಎಂದೆವು, ಇಬ್ಬರೂ ಒಟ್ಟಿಗೆ.