ಕೈ ಕಟ್ಟಿ ಕಾಯುವ ಪಾಠ

ಅತ್ತೆಯ ಸೊಂಟದಲ್ಲಿ ಬೀಗದ ಕೈಗಳ ಗೊಂಚಲೊಂದು ಸದಾ ತೂಗಾಡುತ್ತಿತ್ತು. ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅದನ್ನು ಯಜಮಾನಿಕೆಯ ಗುರುತೆಂದುಕೊಂಡಿದ್ದೆ. ನಾದಿನಿ ಅಂಬುಜಾ ಊಟದ ನಡುವೆ ಸೆಟೆದು ಬಿದ್ದ ದಿನ ಅದರ ಇನ್ನೊಂದು ಕೆಲಸ ತಿಳಿಯಿತು. ಅವಳಿಗೆ ಮೂರ್ಛೆರೋಗವಿತ್ತು. ಅತ್ತೆ ಗೊಂಚಲನ್ನು ಅವಳ ಮುಷ್ಟಿಗೆ ತುರುಕಿದರು, ಹಲ್ಲುಗಳ ನಡುವೆ ಚಮಚ ತೂರಿಸಿದರು, ಕಾಲು ಅದುಮಿ ಹಿಡಿಯಲು ನನಗೆ ಹೇಳಿದರು. ಎಚ್ಚರವಾದಾಗ ಅಂಬುಜಾಳ ತುಟಿ ಒಡೆದು ರಕ್ತ ಬರುತ್ತಿತ್ತು.

ಶಿಶುವಿಹಾರದಲ್ಲಿ ಅವಳಿಗೆ ಟೀಚರ್ ಕೆಲಸ ಸಿಕ್ಕಿತ್ತು. ತಿಂಗಳ ಕೊನೆಯವರೆಗೆ ಕಾಯುತ್ತೇವೆಂದು ಶಾಲೆಯವರು ಹೇಳಿದ್ದರು. ಹೋಗಬೇಕೆಂದು ಅವಳು ಅತ್ತಳು, ಊಟ ಬಿಟ್ಟಳು. "ಅಲ್ಲಿ ಬಿದ್ರೆ ಯಾರೇ ನೋಡ್ತಾರೆ? ಊರಿಗೆಲ್ಲ ಗೊತ್ತಾಗೋದು ಬೇಡ," ಎಂದು ಅತ್ತೆ ಬಾಯಿ ಮುಚ್ಚಿಸಿದರು.

ಅದೇ ದಿನಗಳಲ್ಲಿ ಮಹಿಳಾ ಸಮಾಜದಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಶುರುವಾಯಿತು. ಹೊಲಿಗೆ ಕಲಿಯಲು ಹೋಗುತ್ತೇನೆಂದು ಸುಳ್ಳು ಹೇಳಿ ಸೇರಿಕೊಂಡೆ. ನನ್ನದು ಒಂದು ಕಡೆ ಕೂರದ ಜೀವ. ಬ್ಯಾಂಡೇಜು ಕಟ್ಟು ಅಂದರೆ ಪಕ್ಕದವಳ ಬೆರಳು ನೀಲಿಯಾಗುವಷ್ಟು ಬಿಗಿದೆ. ಕಲಿಸುತ್ತಿದ್ದ ನರ್ಸ್ ಫಿಲೋಮಿನಾ, ಮೂರ್ಛೆ ಬಂದವರಿಗೆ ಏನು ಮಾಡಬೇಕೆಂದು ಕೇಳಿದಾಗ ಎಲ್ಲರಿಗಿಂತ ಮೊದಲು ಎದ್ದು, ಕೈಗೆ ಕಬ್ಬಿಣ ಕೊಡಬೇಕು ಎಂದೆ. ಇಡೀ ಕೋಣೆ ಹೌದೆಂದು ತಲೆಯಾಡಿಸಿತು.

ಆಕೆ ನಗಲಿಲ್ಲ. ಸುತ್ತಲಿನ ಸಾಮಾನು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಅದುಮಿ ಹಿಡಿಯಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ ಎಂದರು.

"ಅಲ್ಲೀತನಕ ನಾವೇನು ಮಾಡೋದು?" ಎಂದೆ.

"ಕಾಯೋದಮ್ಮ. ನಿನಗೆ ಅದೇ ಕಷ್ಟ."

ತಿಂಗಳು ಮುಗಿಯುತ್ತ ಬಂದಿತ್ತು. ಅವರೆಕಾಯಿ ಸುಲಿಯುತ್ತ ಕೂತಿದ್ದ ಅಂಬುಜಾ ಹಾಗೇ ಉರುಳಿದಳು. ಒಳಗಿನಿಂದ ಗೊಂಚಲಿನ ಸದ್ದು ಓಡಿ ಬಂತು. ನಾನು ಈಳಿಗೆಮಣೆ ದೂರ ತಳ್ಳಿ, ಒಣಗಹಾಕಿದ್ದ ಸೀರೆ ಎಳೆದು ಮಡಚಿ ಅವಳ ತಲೆಯಡಿಗಿಟ್ಟೆ. ಆಮೇಲೆ ಅತ್ತೆಯ ಎರಡೂ ಕೈ ಹಿಡಿದುಕೊಂಡೆ.

"ಬಿಡೇ, ಸಾಯ್ತಾಳೆ ನನ್ನ ಮಗಳು."

"ಬಿಡಲ್ಲ ಅತ್ತೆ. ಬೇಕಾದ್ರೆ ಆಮೇಲೆ ಹೊಡೀರಿ."

ನನಗೂ ಭಯವಾಗಿತ್ತು. ಆ ನರ್ಸ್ ಹೇಳಿದ್ದೇ ತಪ್ಪಾಗಿದ್ದರೆ? ಗೋಡೆಯ ಗಡಿಯಾರದ ಮುಳ್ಳು ಸತ್ತು ಬಿದ್ದಂತಿತ್ತು. ಏನಾದರೂ ಮಾಡು, ಏನಾದರೂ ಮಾಡು ಎಂದು ಮೈಯೆಲ್ಲ ಚಡಪಡಿಸುತ್ತಿತ್ತು. ಅತ್ತೆಯ ಕೈಗಳನ್ನು ನಾನು ಹಿಡಿದಿದ್ದೆನೋ, ನನ್ನವನ್ನೇ ಹಾಗೆ ಕಟ್ಟಿಹಾಕಿಕೊಂಡಿದ್ದೆನೋ ಹೇಳಲಾರೆ.

ಐದು ನಿಮಿಷ ಆಗುವ ಮುಂಚೆಯೇ ಸೆಳೆತ ನಿಂತಿತು. ಅವಳನ್ನು ಪಕ್ಕಕ್ಕೆ ಹೊರಳಿಸಿದೆ. ಉಸಿರು ಸರಾಗವಾಯಿತು. ಅತ್ತೆ ಸೆರಗಿನಿಂದ ಮಗಳ ಬಾಯಿ ಒರೆಸಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಿದರು. ಜೊಲ್ಲಿತ್ತು, ರಕ್ತವಿರಲಿಲ್ಲ. ಮತ್ತೊಮ್ಮೆ ಒರೆಸಿ ಮತ್ತೆ ನೋಡಿದರು.

ನಾನು ಹೊಲಿಗೆ ಕಲಿಯಲು ಹೋಗಿಯೇ ಇಲ್ಲವೆಂದು ಆಗ ಹೇಳಿದೆ. ಅವರು ಬಯ್ಯಲಿಲ್ಲ.

"ನಾಳೆ ಆ ಶಾಲೆಗೆ ಹೋಗು," ಎಂದರು ಕೊನೆಗೆ. "ಇವಳಿಗೆ ಹೀಗೀಗೆ ಆಗತ್ತೆ ಅಂತ ಹೇಳು. ಆದಾಗ ಏನ್ಮಾಡ್ಬೇಕು ಅಂತ ಅಲ್ಲಿರೋರಿಗೆಲ್ಲ ಕಲಿಸಿಕೊಟ್ಟು ಬಾ."

ಅಂಬುಜಾ ಇನ್ನೂ ಕಣ್ಣು ತೆರೆದಿರಲಿಲ್ಲ. ಅತ್ತೆ ಅವಳ ಸುತ್ತ ಚೆಲ್ಲಿದ್ದ ಅವರೆಕಾಳುಗಳನ್ನು ಸದ್ದಾಗದಂತೆ ಒಂದೊಂದಾಗಿ ಹೆಕ್ಕತೊಡಗಿದರು.